ಕುಯ್ಲಿಗೆ ಬರುವವರ ಮೇಲೆ ನಾಯಿ ಎಗರುತ್ತದೆ, ಹೊಡೆಯದೆ ಸರಿ ಮಾಡಬಹುದಾ?

ಪ್ರಶ್ನೆ: ನಮ್ಮದು ಆಲ್ದೂರಿನ ಹತ್ತಿರ ಸಣ್ಣ ಕಾಫಿ ತೋಟ. ಎರಡೂವರೆ ವರ್ಷದ ನಾಟಿ ನಾಯಿ ಇದೆ, ಹೆಸರು ಕರಿಯ. ಆಷಾಢದ ಮಳೆಯಲ್ಲಿ ಸಣ್ಣ ಮರಿಯಾಗಿ ಬಂದವನು. ಮನೆಯವರ ಹತ್ತಿರ ತುಂಬಾ ಸಾಧು, ಮಕ್ಕಳು ಬಾಲ ಎಳೆದರೂ ಸುಮ್ಮನಿರುತ್ತಾನೆ. ಹಗಲು ಕಣದ ಪಕ್ಕ ಚೈನ್ ಹಾಕಿರುತ್ತೇವೆ, ರಾತ್ರಿ ಬಿಡುತ್ತೇವೆ. ಹೋದ ವರ್ಷ ಕುಯ್ಲಿಗೆ ಬಂದವರಿಗೆ ಬರೀ ಬೊಗಳುತ್ತಿದ್ದ. ಈ ವರ್ಷ ಎಗರುತ್ತಾನೆ, ಹೋದ ವಾರ ಒಬ್ಬ ಹೆಂಗಸಿನ ಸೆರಗು ಹಿಡಿದು ಎಳೆದ. ಬಿಟ್ಟಾಗ ಕರೆದರೆ ಬರುವುದಿಲ್ಲ, ರಸ್ತೆಗೆ ಹೋಗಿ ಬೈಕ್ ಅಟ್ಟಿಸುತ್ತಾನೆ. ಎರಡು ಬಿಟ್ಟರೆ ಸರಿ ಹೋಗುತ್ತಾನೆ ಅನ್ನುತ್ತಾರೆ ನಮ್ಮ ಮಾವನವರು. ಒಬ್ಬ ಟ್ರೈನರ್ ಕರೆಂಟ್ ಬೆಲ್ಟ್ ತರಿಸಿ, ಯಜಮಾನ ಯಾರು ಅಂತ ತೋರಿಸಬೇಕು ಅಂದರು. ತಿಂಡಿ ಕೊಟ್ಟು ಕಲಿಸುವುದು ಲಂಚ, ಕಾವಲು ನಾಯಿ ಮೆತ್ತಗಾಗುತ್ತದೆ ಅನ್ನುವುದು ನಮ್ಮೆಜಮಾನ್ರ ಮಾತು. ನನಗೆ ಹೊಡೆಯಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಹೊಡೆಯದೆ ಖಂಡಿತ ಸರಿ ಮಾಡಬಹುದು. ಹೊಡೆದರೆ ಕರಿಯ ನಿಜವಾಗಿಯೂ ಕಚ್ಚುವ ದಿನ ಹತ್ತಿರ ಬರುತ್ತದೆ, ಅದು ಯಾಕೆ ಅಂತ ಮುಂದೆ ವಿವರವಾಗಿ ಹೇಳುತ್ತೇನೆ. ಅದಕ್ಕೆ ಮೊದಲು ಇವತ್ತೇ ಮಾಡಬೇಕಾದ ಕೆಲಸ ಇದೆ.

ಅವನನ್ನು ಕಣದ ಪಕ್ಕದಿಂದ ತೆಗೆಯಿರಿ. ಕುಯ್ಲು ಮುಗಿಯುವವರೆಗೆ ಅವನ ಜಾಗ ಮನೆಯ ಹಿಂಭಾಗ ಇರಲಿ, ಕೆಲಸದವರು ಓಡಾಡುವ ದಾರಿ ಅವನಿಗೆ ಕಾಣಬಾರದು. ಚಪ್ಪರದ ಕೆಳಗೆ ಜಾಲರಿ ಕಟ್ಟಿ ಒಂದು ಸಣ್ಣ ಆವರಣ ಮಾಡಿಸಿದರೆ ಚೈನೇ ಬೇಡ. ಅಷ್ಟು ತಕ್ಷಣಕ್ಕೆ ಆಗದಿದ್ದರೆ ಬೆಳಿಗ್ಗೆ ಜನ ಬರುವ ಹೊತ್ತು, ಮಧ್ಯಾಹ್ನ ಊಟದ ಹೊತ್ತು, ಸಂಜೆ ಹಣ್ಣು ತೂಕ ಹಾಕುವ ಹೊತ್ತು, ಈ ಮೂರು ಹೊತ್ತಾದರೂ ಬಾಗಿಲು ಹಾಕಿ ಒಳಗಿಡಿ. ಇದು ತರಬೇತಿ ಅಲ್ಲ, ಆದರೆ ಇದಿಲ್ಲದೆ ಯಾವ ತರಬೇತಿಯೂ ನಿಲ್ಲುವುದಿಲ್ಲ, ಯಾಕೆಂದರೆ ನೀವು ಸಂಜೆ ಹತ್ತು ನಿಮಿಷ ಕಲಿಸಿದ್ದನ್ನು ಅವನು ಹಗಲೆಲ್ಲ ಎಗರಿ ಎಗರಿ ಅಳಿಸಿ ಹಾಕುತ್ತಾನೆ.

ಎರಡನೆಯದು ರೇಬಿಸ್ ಲಸಿಕೆ. ಮೂರು ತಿಂಗಳ ವಯಸ್ಸಿನಲ್ಲಿ ಶುರುವಾಗಿ ಆಮೇಲೆ ವರ್ಷವರ್ಷ ಹಾಕಿಸಿರಬೇಕು. ಹಾಕಿಸಿಲ್ಲದಿದ್ದರೆ ಈ ವಾರವೇ ಪಶು ಆಸ್ಪತ್ರೆಗೆ ಹೋಗಿ. ಆ ಹೆಂಗಸಿಗೆ ಬರೀ ಸೆರಗಿಗೆ ಹಲ್ಲು ತಾಗಿದೆಯೋ, ಚರ್ಮಕ್ಕೂ ಗೀರು ಬಿದ್ದಿದೆಯೋ ಅಂತ ದಯವಿಟ್ಟು ಇನ್ನೊಮ್ಮೆ ಕೇಳಿ. ಕೆಲಸ ಹೋದೀತು ಅಂತ ಹೆದರಿ ಎಷ್ಟೋ ಜನ ಹೇಳುವುದೇ ಇಲ್ಲ. ಗೀರಿದ್ದರೆ ತಡವಾಯಿತು ಅಂತ ಬಿಡಬೇಡಿ, ಇವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಚರ್ಮಕ್ಕೆ ಕೊಡುವ ಇಂಜೆಕ್ಷನ್ನು 0, 3, 7, 28ನೇ ದಿನ ತಪ್ಪದೆ ಆಗಬೇಕು. ಚರ್ಮ ಕಿತ್ತು ರಕ್ತ ಬಂದಿದ್ದರೆ ಜೊತೆಗೆ ಇನ್ನೊಂದು ಔಷಧಿಯೂ ಬೇಕಾಗುತ್ತದೆ, ಅದನ್ನು ಡಾಕ್ಟರೇ ನೋಡಿ ಹೇಳುತ್ತಾರೆ. ಮುಂದೆ ಯಾರಿಗಾದರೂ ಕಚ್ಚಿದರೆ ಮೊದಲು ನಲ್ಲಿ ನೀರು, ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಅರಿಶಿನ, ಮೆಣಸಿನಪುಡಿ, ಸುಣ್ಣ ಏನೂ ಹಚ್ಚಬಾರದು.

ಇನ್ನು ಕರಿಯನ ವಿಷಯಕ್ಕೆ ಬರೋಣ.

ನಿಮ್ಮ ಪತ್ರದಲ್ಲಿ ಒಂದು ಮಾತು ಮುಖ್ಯ: ಆಷಾಢದ ಮಳೆಯಲ್ಲಿ ಬಂದ ಮರಿ. ನಾಯಿಮರಿಗೆ ಮೂರನೇ ವಾರದಿಂದ ಹೆಚ್ಚುಕಡಿಮೆ ಹದಿನಾಲ್ಕನೇ ವಾರದವರೆಗೆ ಒಂದು ಕಾಲ ಇರುತ್ತದೆ. ಆಗ ನೋಡಿದ್ದು, ಕೇಳಿದ್ದು, ಮೂಸಿದ್ದು ಎಲ್ಲ ಅದಕ್ಕೆ 'ಇದು ಮಾಮೂಲು' ಅಂತ ಮನಸ್ಸಿನಲ್ಲಿ ಕೂರುತ್ತದೆ. ಅಮೆರಿಕದಲ್ಲಿ ಸ್ಕಾಟ್ ಮತ್ತು ಫುಲ್ಲರ್ ಅನ್ನುವ ಇಬ್ಬರು ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಸಾಕಿ ನೋಡಿ 1965ರಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಈಗ ಕರಿಯನ ಆ ವಾರಗಳನ್ನು ನೆನೆಸಿಕೊಳ್ಳಿ. ಜಡಿಮಳೆ. ತೋಟದಲ್ಲಿ ಕೆಲಸ ಇಲ್ಲ. ಮನೆಯ ನಾಲ್ಕು ಜನ ಬಿಟ್ಟರೆ ಅವನು ನೋಡಿದ್ದು ಯಾರನ್ನು? ಅಂಥವನ ಮುಂದೆ ಕುಯ್ಲಿನ ಹೊತ್ತಿಗೆ ಏಕಾಏಕಿ ಅಷ್ಟೊಂದು ಹೊಸ ಜನ, ತಲೆಯ ಮೇಲೆ ಮೂಟೆ, ಕೈಯಲ್ಲಿ ಕೊಡೆ, ಕಂಬಳಿ ಕೊಪ್ಪೆ, ಗುರುತಿಲ್ಲದ ಭಾಷೆ. ಮಲೆನಾಡಿನ ತೋಟದ ನಾಯಿಗಳಲ್ಲಿ ಈ ತೊಂದರೆ ಜಾಸ್ತಿ ಕಾಣುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಅವನಿಗೆ ಕೊಬ್ಬಲ್ಲ, ಭಯ.

ಭಯ ಆದ ಪ್ರಾಣಿ ಮೊದಲು ದೂರ ಹೋಗಲು ನೋಡುತ್ತದೆ. ಚೈನ್ ಹಾಕಿದ ನಾಯಿಗೆ ದೂರ ಹೋಗಲು ಜಾಗವೇ ಇಲ್ಲ. ಉಳಿದದ್ದು ಒಂದೇ, ಎದುರಿನವರನ್ನು ದೂರ ಕಳಿಸುವುದು. ಬೊಗಳುತ್ತಾನೆ, ಆ ವ್ಯಕ್ತಿ ಕಣ ದಾಟಿ ಮುಂದೆ ಹೋಗುತ್ತಾನೆ. ಅವನು ಹೋಗಿದ್ದು ಅವನ ಕೆಲಸಕ್ಕೆ, ಆದರೆ ಕರಿಯನ ಲೆಕ್ಕದಲ್ಲಿ ಬೊಗಳಿದ್ದಕ್ಕೇ ಹೋದ. ಹೀಗೆ ದಿನಕ್ಕೆ ಎಷ್ಟು ಸಲ, ಕುಯ್ಲು ಮುಗಿಯುವವರೆಗೆ ಎಷ್ಟು ತಿಂಗಳು! ಒಂದು ಕೆಲಸದಿಂದ ಲಾಭ ಆದರೆ ಪ್ರಾಣಿ ಅದನ್ನೇ ಮತ್ತೆ ಮಾಡುತ್ತದೆ ಅಂತ ಥಾರ್ನ್‌ಡೈಕ್ ಅನ್ನುವವರು 1898ರಲ್ಲೇ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ತೋರಿಸಿದ್ದರು. ಹೋದ ವರ್ಷ ಬೊಗಳಿದರೆ ಸಾಕಾಗುತ್ತಿತ್ತು. ಈ ವರ್ಷ ಅವನು ಬಲಿತಿದ್ದಾನೆ, ಜೊತೆಗೆ ಕೆಲಸದವರಲ್ಲಿ ಯಾರೋ ಕೋಲು ಎತ್ತಿರುತ್ತಾರೆ, ಯಾರೋ ಕಲ್ಲು ತೋರಿಸಿರುತ್ತಾರೆ. ಅವರನ್ನು ದೂರುವ ಹಾಗಿಲ್ಲ, ಮೈಮೇಲೆ ಬರುವ ನಾಯಿಗೆ ಯಾರಾದರೂ ಹಾಗೇ ಮಾಡುತ್ತಾರೆ. ಬೊಗಳಿದ್ದು ಸಾಲದು ಅನ್ನಿಸಿದಾಗ ಎಗರಿದ, ಎಗರಿದ್ದು ಸಾಲದಾದಾಗ ಸೆರಗು ಹಿಡಿದ. ಇದರ ಮುಂದಿನ ಮೆಟ್ಟಿಲು ಯಾವುದು ಅಂತ ನಿಮಗೂ ಗೊತ್ತು, ಅದಕ್ಕೇ ಬರೆದಿದ್ದೀರಿ.

ಈಗ ಮಾವನವರ ಮಾತು. ಅವರು ಕೆಟ್ಟ ಮನಸ್ಸಿನಿಂದ ಹೇಳುತ್ತಿಲ್ಲ, ಅವರ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು, ಹೊಡೆದ ನಾಯಿ ಸುಮ್ಮನಾಗುವುದನ್ನು ಅವರು ಕಣ್ಣಾರೆ ನೋಡಿದ್ದಾರೆ. ಆದರೆ ಆಗ ಸುಮ್ಮನಾದದ್ದು ಏನು ಅಂತ ನೋಡಬೇಕು. ಗುರ್ ಅನ್ನುವಾಗ ಹೊಡೆದರೆ ಗುರ್ ಅನ್ನುವುದು ನಿಲ್ಲುತ್ತದೆ. ಒಳಗಿನ ಭಯ ಹಾಗೇ ಇರುತ್ತದೆ, ಇನ್ನೂ ಜಾಸ್ತಿ ಆಗುತ್ತದೆ, ಯಾಕೆಂದರೆ ಈಗ ಕೆಲಸದವರು ಕಂಡರೆ ಅವರ ಭಯದ ಜೊತೆಗೆ ಬೆನ್ನಿಗೆ ಏಟಿನ ಭಯವೂ ಸೇರಿತು. ಪಾವ್ಲೋವ್ ಹೆಸರು ಶಾಲೆಯಲ್ಲಿ ಕೇಳಿರುತ್ತೀರಿ. ಜೀರ್ಣಕ್ರಿಯೆಯ ಮೇಲಿನ ಕೆಲಸಕ್ಕೆ 1904ರಲ್ಲಿ ನೊಬೆಲ್ ಬಂದವರು. ಅವರ ನಾಯಿಗಳು ಊಟ ಬರುವ ಸೂಚನೆಗೇ ಜೊಲ್ಲು ಸುರಿಸುತ್ತಿದ್ದವು. ಊಟದ ಸೂಚನೆ ಹೇಗೆ ಕಲಿಯುತ್ತದೋ ನೋವಿನ ಸೂಚನೆಯನ್ನೂ ಹಾಗೇ ಕಲಿಯುತ್ತದೆ. ತಲೆ ಮೇಲೆ ಮೂಟೆ ಹೊತ್ತವರು ಕಂಡರೆ ಏಟು ಬೀಳುತ್ತದೆ, ಇಷ್ಟೇ ಕರಿಯ ಕಲಿಯುವ ಪಾಠ. ಆಮೇಲೆ ಒಂದು ದಿನ ಗುರ್ ಅನ್ನದೆ, ಬೊಗಳದೆ ನೇರ ಬಾಯಿ ಹಾಕುತ್ತಾನೆ. 'ಏನೂ ಮಾಡದಿದ್ದ ನಾಯಿ ಇದ್ದಕ್ಕಿದ್ದಂತೆ ಕಚ್ಚಿತು' ಅಂತ ಬರುವವರ ಕತೆ ಕೇಳಿದರೆ ಬಹಳಷ್ಟರಲ್ಲಿ ಗುರ್ ಅಂದದ್ದಕ್ಕೆ ಹೊಡೆದ ದಿನಗಳು ಹಿಂದೆ ಇರುತ್ತವೆ. ಗುರ್ ಅನ್ನುವ ನಾಯಿ ನಿಮಗೆ ಮುಂಚೆಯೇ ಹೇಳುತ್ತಿದೆ. ಆ ಬಾಯಿ ಮುಚ್ಚಿಸಬೇಡಿ.

ಕರೆಂಟ್ ಬೆಲ್ಟ್ ಬಗ್ಗೆ ನನ್ನ ಮಾತು ಖಾರವಾಗಿಯೇ ಇರುತ್ತದೆ. ಅದನ್ನು ತರಿಸಬೇಡಿ. ಕುತ್ತಿಗೆಗೆ ಶಾಕ್ ಹೊಡೆಸುವ ಪೆಟ್ಟಿಗೆ ಅದು. ವೇಲ್ಸ್ ದೇಶ 2010ರಲ್ಲೇ ಇದನ್ನು ಕಾನೂನಿನಿಂದ ನಿಷೇಧಿಸಿದೆ. 'ಕೆಲಸ ಮಾಡುತ್ತಲ್ಲ ಸಾರ್' ಅನ್ನುವವರಿಗೆ ಒಂದು ಲೆಕ್ಕ ಇದೆ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು, ಬಿಟ್ಟಾಗ ಕರೆದರೆ ಬಾರದಂಥ ತೊಂದರೆ ಇದ್ದ 63 ನಾಯಿಗಳನ್ನು ಗುಂಪು ಮಾಡಿ ನೋಡಿದರು. ಶಾಕ್ ಬೆಲ್ಟ್ ಬಳಸುವ ಟ್ರೈನರ್‌ಗಳ ಕೈಯಲ್ಲಿ ಕಲಿತವು, ತಿಂಡಿ-ಹೊಗಳಿಕೆಯಿಂದ ಕಲಿತವು, ಎರಡನ್ನೂ ಹೋಲಿಸಿ 2020ರಲ್ಲಿ ಫಲಿತಾಂಶ ಬರೆದರು. ತಿಂಡಿಯಿಂದ ಕಲಿತವು ಯಾವುದರಲ್ಲೂ ಹಿಂದೆ ಬೀಳಲಿಲ್ಲ, ಕರೆದಾಗ ಪಾಲಿಸುವುದರಲ್ಲಿ ಮುಂದೆಯೇ ಇದ್ದವು. ನೋವು ಕೊಡದೆ ಅಷ್ಟೇ ಚೆನ್ನಾಗಿ ಆಗುವ ಕೆಲಸಕ್ಕೆ ನೋವು ಯಾಕೆ ಕೊಡಬೇಕು ಹೇಳಿ? ಅದೇ ವರ್ಷ ಪೋರ್ಚುಗಲ್‌ನಲ್ಲಿ ಇನ್ನೊಂದು ಅಧ್ಯಯನ ಬಂತು, 92 ಸಾಕುನಾಯಿಗಳ ಮೇಲೆ. ಗದರುವುದು, ಬೆಲ್ಟ್ ಜಗ್ಗುವುದು ಜಾಸ್ತಿ ಇದ್ದ ಶಾಲೆಗಳ ನಾಯಿಗಳ ಜೊಲ್ಲಿನಲ್ಲಿ ತರಬೇತಿ ಆದ ಮೇಲೆ ಒತ್ತಡದ ಹಾರ್ಮೋನು ಏರಿತ್ತು. ನನಗೆ ಅದರಲ್ಲಿ ಜಾಸ್ತಿ ಮನಸ್ಸಿಗೆ ನಾಟಿದ್ದು ಬಟ್ಟಲಿನ ಪರೀಕ್ಷೆ. ಒಂದು ಮೂಲೆಯಲ್ಲಿ ಬಟ್ಟಲಿದ್ದರೆ ಅದರಲ್ಲಿ ತಿಂಡಿ ಇರುತ್ತದೆ, ಇನ್ನೊಂದು ಮೂಲೆಯಲ್ಲಿದ್ದರೆ ಖಾಲಿ ಅಂತ ಮೊದಲು ಕಲಿಸಿದರು. ಆಮೇಲೆ ಬಟ್ಟಲನ್ನು ನಡುವೆ ಇಟ್ಟರು. ತಿಂಡಿಯಿಂದ ಕಲಿತ ನಾಯಿಗಳು ಇದ್ದರೂ ಇರಬಹುದು ಅಂತ ಬೇಗ ಹೋಗಿ ನೋಡಿದವು. ಪೆಟ್ಟು, ಜಗ್ಗಾಟ ತಿಂದವು ನಿಧಾನಿಸಿದವು. ತರಬೇತಿಯ ಜಾಗದಿಂದ ಹೊರಗೆ ಬಂದ ಮೇಲೂ ಅವು ಒಳ್ಳೆಯದನ್ನು ಎದುರು ನೋಡುವುದು ಕಡಿಮೆಯಾಗಿತ್ತು.

'ಯಜಮಾನ ಯಾರು ಅಂತ ತೋರಿಸಿ' ಅನ್ನುವ ಮಾತಿನ ಬೇರು ತೋಳದಲ್ಲಿದೆ. 1947ರಲ್ಲಿ ಶೆಂಕಲ್ ಅನ್ನುವ ವಿಜ್ಞಾನಿ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ, ಅವು ಸದಾ ಮೇಲು-ಕೀಳಿಗೆ ಜಗಳ ಆಡುತ್ತವೆ ಅಂತ ಬರೆದರು. ಅದನ್ನೇ ಜನ ನಾಯಿಗೂ ತಂದು ಅಂಟಿಸಿದರು. ತೋಳಗಳನ್ನು ಕಾಡಿನಲ್ಲೇ ವರ್ಷಗಟ್ಟಲೆ ನೋಡಿದ ಡೇವಿಡ್ ಮೆಕ್ 1999ರಲ್ಲಿ ಬರೆದದ್ದು ಬೇರೆಯೇ: ಕಾಡಿನ ತೋಳದ ಗುಂಪು ಅಂದರೆ ಒಂದು ಸಂಸಾರ, ಅಪ್ಪ ಅಮ್ಮ ಮತ್ತು ಅವರ ಮರಿಗಳು, ಮುಂದೆ ನಡೆಯುವವರು ಹೆತ್ತವರು, ಹೊಡೆದಾಡಿ ಪಟ್ಟ ಗೆದ್ದವರಲ್ಲ. ನಿಮ್ಮ ಕರಿಯನಂತೂ ತೋಳವೇ ಅಲ್ಲ. ಅವನು ನಿಮ್ಮ ಪಟ್ಟ ಕಸಿಯಲು ಸೆರಗು ಹಿಡಿಯಲಿಲ್ಲ. ಅವನನ್ನು ಅಂಗಾತ ಬೀಳಿಸಿ ಅದುಮಿ ಹಿಡಿಯಿರಿ ಅಂತ ಯಾರಾದರೂ ಹೇಳಿದರೆ ಆ ಮನುಷ್ಯನನ್ನು ಗೇಟಿನಿಂದಲೇ ಕಳಿಸಿ. ಹೀಗೆ ಮಾಡಲು ಹೋಗಿ ಮುಖಕ್ಕೆ ಕಚ್ಚಿಸಿಕೊಂಡವರಿದ್ದಾರೆ.

ಲಂಚದ ಮಾತಿಗೆ ಬರುತ್ತೇನೆ, ಯಜಮಾನರಿಗೆ ಇದನ್ನು ಓದಿ ಹೇಳಿ. ನಿಮ್ಮ ತೋಟದಲ್ಲಿ ಕುಯ್ಯುವವರಿಗೆ ಕೆಜಿ ಲೆಕ್ಕದಲ್ಲಿ ದುಡ್ಡು ಕೊಡುತ್ತೀರಿ. ಹಣ್ಣು ತೂಕಕ್ಕೆ ಬಂದ ಮೇಲೆ ಕೊಡುತ್ತೀರಿ, ಗಿಡದ ಬುಡದಲ್ಲಿ ನೋಟು ಹಿಡಿದು 'ಕುಯ್ಯಿ, ಕುಯ್ಯಿ' ಅಂತ ಬೇಡಿಕೊಳ್ಳುವುದಿಲ್ಲ. ನಾಯಿಗೂ ಅಷ್ಟೇ. ಮಾತು ಕೇಳುವ ಮೊದಲೇ ತಿಂಡಿ ತೋರಿಸಿ ಪುಸಲಾಯಿಸಿದರೆ ಅದು ಲಂಚ, ಅಂಥ ನಾಯಿ ತಿಂಡಿ ಕಾಣದಿದ್ದರೆ ಕೇಳುವುದಿಲ್ಲ. ಕೆಲಸ ಆದ ಮೇಲೆ ಕೊಟ್ಟರೆ ಕೂಲಿ. ಹಾಗಾಗಿ ತಿಂಡಿ ಜೇಬಿನಲ್ಲಿರಲಿ, ಕೈಯಲ್ಲಿ ಬೇಡ.

ತಿಂಡಿ ಯಾವುದು? ಬಿಸ್ಕತ್ತು ಬೇಡ, ಅದು ಬರೀ ಮೈದಾ ಸಕ್ಕರೆ. ಮುದ್ದೆ, ಅನ್ನ ಅವನಿಗೆ ದಿನಾ ಸಿಗುತ್ತದೆ, ಅದಕ್ಕೆ ಭಯ ಮರೆಯುವಷ್ಟು ಬೆಲೆ ಇಲ್ಲ. ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ, ಈರಲು, ಮೊಟ್ಟೆ ಒಳ್ಳೆಯದು. ಮಾಂಸ ಮಾಡದ ಮನೆಯಾದರೆ ಪನೀರು, ಬೇಯಿಸಿದ ಗೆಣಸು. ಅವರೆಕಾಳಿನಷ್ಟು ಸಣ್ಣ ಚೂರು ಮಾಡಿ, ಅಷ್ಟನ್ನು ರಾತ್ರಿ ಊಟದಲ್ಲಿ ಕಡಿಮೆ ಮಾಡಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಕೊಡಬಾರದು, ಬೇಯಿಸಿದ ಮೂಳೆಯೂ ಬೇಡ. ಕಾಫಿಯೂ ನಾಯಿಗೆ ವಿಷವೇ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಹತ್ತಿರ ಬಿದ್ದ ಹಣ್ಣು, ಬೀಜ ಮೇಯುವ ಅಭ್ಯಾಸ ಇದ್ದರೆ ತಪ್ಪಿಸಿ.

ಮೊದಲ ವಾರ ಕೆಲಸದವರ ಗೊಡವೆಗೇ ಹೋಗಬೇಡಿ. ಮನೆಯ ಹಿಂದೆ, ಸದ್ದಿಲ್ಲದ ಜಾಗದಲ್ಲಿ ಅವನಿಗೆ ಒಂದು ಪದ ಕಲಿಸಿ. ನಾನು 'ಹಾಂ' ಅನ್ನುತ್ತೇನೆ, ನಿಮಗೆ ಬಾಯಿಗೆ ಬಂದದ್ದು ಆಗಬಹುದು, ಆದರೆ ದಿನಾ ಅದೇ ಪದ, ಅದೇ ದನಿ. 'ಹಾಂ' ಅನ್ನಿ, ಒಂದು ಚೂರು ಕೊಡಿ. ಮತ್ತೆ 'ಹಾಂ', ಮತ್ತೆ ಚೂರು. ಎರಡು ಮೂರು ದಿನಕ್ಕೆ 'ಹಾಂ' ಅಂದ ಕೂಡಲೇ ಕಿವಿ ನೆಟ್ಟಗಾಗಿ ನಿಮ್ಮ ಕಡೆ ತಿರುಗುತ್ತಾನೆ. ಈಗ ಆ ಪದದಿಂದ ನೀವು ಅವನಿಗೆ 'ಈಗ ಮಾಡಿದೆಯಲ್ಲ, ಇದೇ ಸರಿ' ಅಂತ ಆ ಕ್ಷಣಕ್ಕೇ ಹೇಳಬಹುದು, ತಿಂಡಿ ಎರಡು ಸೆಕೆಂಡ್ ಬಿಟ್ಟು ಬಾಯಿಗೆ ಹೋದರೂ ಪರವಾಗಿಲ್ಲ. ಡಾಲ್ಫಿನ್ ಕಲಿಸುವವರು ಸೀಟಿಯಿಂದ ಮಾಡುವುದೂ ಇದನ್ನೇ. ನೀರಿನಲ್ಲಿ ಈಜಾಡುವ ಪ್ರಾಣಿಗೆ ಕುತ್ತಿಗೆಗೆ ಚೈನ್ ಹಾಕಿ ಕಲಿಸಲು ಆಗುವುದಿಲ್ಲವಲ್ಲ.

ಈ ವಾರವೇ 'ಕೂತ್ಕೋ' ಕಲಿಸಿ. ಅವನ ಸೊಂಟ ಒತ್ತಬೇಡಿ. ಅವನಾಗಿ ಕೂರುವ ತನಕ ಕಾದು, ಕೂತ ಕೂಡಲೇ 'ಹಾಂ' ಅಂದು ಚೂರು ಕೊಡಿ. ಊಟದ ತಟ್ಟೆ ಇಡುವಾಗ, ಬಾಗಿಲು ತೆಗೆಯುವಾಗ ಕೂಡ ಹೀಗೇ. ಬೇಕಾದ್ದು ಸಿಗುವುದು ಎಗರಿದರೆ ಅಲ್ಲ, ಕೂತರೆ ಅಂತ ಅವನಿಗೆ ಬೇಗ ಗೊತ್ತಾಗುತ್ತದೆ.

ಎರಡನೇ ವಾರದಿಂದ ನಿಜವಾದ ಕೆಲಸ. ಇಲ್ಲಿ ಅವಸರ ಮಾಡಿದರೆ ಎಲ್ಲ ಕೆಡುತ್ತದೆ, ಅದಕ್ಕೆ ನಿಧಾನವಾಗಿ ಓದಿ.

ಅವನಿಗೆ ಎದೆಗೆ ಹಾಕುವ ಬೆಲ್ಟು, ಅಂದರೆ ಹಾರ್ನೆಸ್, ಹಾಕಿ. ಕುತ್ತಿಗೆ ಜಗ್ಗಿದರೆ ಅದೂ ನೋವೇ. ಒಬ್ಬರು ಪರಿಚಯದ ಕೆಲಸದವರನ್ನು ಕೇಳಿಕೊಳ್ಳಿ, ಮೇಸ್ತ್ರಿ ಆದರೂ ಆಗಬಹುದು. ಅವರು ನೂರು, ನೂರೈವತ್ತು ಅಡಿ ದೂರದಲ್ಲಿ ಗಿಡದ ಮರೆಯಿಂದ ಹೊರಗೆ ಬಂದು, ಕರಿಯನ ಕಡೆ ನೋಡದೆ ಅಡ್ಡ ನಡೆದು, ಮತ್ತೆ ಮರೆಯಾಗಬೇಕು. ಕರಿಯ ಅವರನ್ನು ನೋಡಿದ ಕ್ಷಣ ನೀವು ಕೋಳಿ ಚೂರು ಕೊಡಲು ಶುರು ಮಾಡಿ, ಒಂದಾದ ಮೇಲೆ ಒಂದು. ಅವರು ಮರೆಯಾದ ಕೂಡಲೇ ನಿಲ್ಲಿಸಿ, ಸುಮ್ನೆ ನಿಂತುಬಿಡಿ. ಮೊದಲು ಮನುಷ್ಯ ಕಾಣಬೇಕು, ಆಮೇಲೆ ಕೋಳಿ ಬರಬೇಕು. ಇದು ಹಿಂದುಮುಂದು ಆದರೆ ಜೇಬಿಗೆ ಕೈ ಹೋದದ್ದೇ ಭಯದ ಸೂಚನೆ ಆಗಿಬಿಡುತ್ತದೆ. ದಿನಕ್ಕೆ ನಾಲ್ಕೈದು ಸಲ ಕಂಡರೆ ಸಾಕು, ಐದು ನಿಮಿಷದಲ್ಲಿ ಮುಗಿಸಿ.

ಬೊಗಳಿದರೆ? ಗದರಬೇಡಿ. ಹತ್ತಿರ ಆಯಿತು ಅಂತ ಅರ್ಥ, ಅವನನ್ನು ಕರೆದುಕೊಂಡು ಇನ್ನಷ್ಟು ಹಿಂದೆ ಹೋಗಿ. ತಿಂಡಿಯನ್ನೇ ಮೂಸದಿದ್ದರೂ ಅದೇ ಅರ್ಥ. ಬೊಗಳುವ ಮುಂಚೆಯೇ ಗೊತ್ತಾಗುವ ಗುರುತುಗಳಿವೆ: ಮೈ ಮರಗಟ್ಟುತ್ತದೆ, ಬಾಯಿ ಟಪ್ಪನೆ ಮುಚ್ಚುತ್ತದೆ, ತುಟಿ ನೆಕ್ಕಿಕೊಳ್ಳುತ್ತಾನೆ, ನಿದ್ದೆ ಇಲ್ಲದಿದ್ದರೂ ಆಕಳಿಸುತ್ತಾನೆ, ಕಣ್ಣಿನ ಬಿಳಿ ಕಾಣುತ್ತದೆ. ಬಾಲ ಆಡಿಸುತ್ತಿದ್ದರೆ ಖುಷಿ ಅಂದುಕೊಳ್ಳಬೇಡಿ, ಬಿಗಿಯಾಗಿ ಮೇಲೆ ನಿಂತು ಸಣ್ಣಗೆ ನಡುಗುವ ಬಾಲ ಖುಷಿಯದ್ದಲ್ಲ. ಈ ಗುರುತು ಮಕ್ಕಳಿಗೂ ಹೇಳಿಕೊಡಿ. ಹಾಗೇ ಬಾಲ ಎಳೆಯುವುದನ್ನು ಇವತ್ತಿಗೇ ನಿಲ್ಲಿಸಿ. ಅವನು ಸುಮ್ಮನಿರುತ್ತಾನೆ ಅಂದರೆ ಸಹಿಸಿಕೊಂಡಿದ್ದಾನೆ ಅಂತ ಅಷ್ಟೇ.

ಕೆಲವು ದಿನದಲ್ಲಿ ಒಂದು ಬದಲಾವಣೆ ಕಾಣುತ್ತದೆ. ದೂರದಲ್ಲಿ ಮನುಷ್ಯ ಕಂಡ ಕೂಡಲೇ ಕರಿಯ ಅವರನ್ನು ನೋಡಿ, ತಿರುಗಿ ನಿಮ್ಮ ಮುಖ ನೋಡುತ್ತಾನೆ, 'ಎಲ್ಲಿ ಕೋಳಿ?' ಅಂತ. ಇದಕ್ಕಾಗಿಯೇ ನಾವು ಕಾಯುತ್ತಿದ್ದದ್ದು. ಭಯ ತಂದವರೇ ಈಗ ಕೋಳಿ ತರುವವರಾದರು. ಆ ಕ್ಷಣಕ್ಕೆ 'ಹಾಂ' ಅಂದು ಕೊಡಿ. ಇದು ನಾಲ್ಕೈದು ದಿನ ತಪ್ಪದೆ ಆಗುತ್ತಿದ್ದರೆ ಹತ್ತು ಅಡಿ ಹತ್ತಿರ ಬನ್ನಿ, ಜಾಸ್ತಿ ಬೇಡ. ಆಮೇಲೆ ಒಂದೊಂದೇ ಸೇರಿಸಿ: ಕೊಡೆ ಹಿಡಿದವರು, ಕೊಪ್ಪೆ ಹಾಕಿದವರು, ಮೂಟೆ ಹೊತ್ತವರು, ಇಬ್ಬರು ಮಾತಾಡಿಕೊಂಡು ಹೋಗುವವರು. ಹೊಸದು ಸೇರಿಸಿದಾಗ ದೂರ ಮತ್ತೆ ಜಾಸ್ತಿ ಮಾಡಿ.

ಕೆಲಸದವರ ಕೈಯಿಂದ ತಿಂಡಿ ಕೊಡಿಸಬೇಡಿ. ಎಲ್ಲರೂ ಮೊದಲು ಅದನ್ನೇ ಮಾಡಲು ಹೋಗುತ್ತಾರೆ, ಒಳ್ಳೆ ಮನಸ್ಸಿನಿಂದಲೇ. ಆಸೆಗೆ ನಾಯಿ ಹತ್ತಿರ ಹೋಗುತ್ತದೆ, ತಿಂಡಿ ನುಂಗಿದ ಮೇಲೆ ತಲೆ ಎತ್ತಿ ನೋಡಿದರೆ ಭಯದ ಮನುಷ್ಯ ಮೂಗಿನ ಮುಂದೆ! ಎಷ್ಟೋ ಕಚ್ಚಾಟ ಆಗುವುದು ಆಗಲೇ. ಅವರಿಗೆ ಹೇಳಬೇಕಾದ್ದು ಇಷ್ಟು: ನಾಯಿಯ ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಕೋಲು ತೋರಿಸಬೇಡಿ, ಓಡಬೇಡಿ, ನಿಮ್ಮ ಪಾಡಿಗೆ ನಡೆಯಿರಿ. ಇದೆಲ್ಲ ನಡೆಯುವಾಗ ಅವರ ಮೈಗೆ ಏನೂ ಆಗಬಾರದು, ಅದು ನಿಮ್ಮ ಜವಾಬ್ದಾರಿ. ಅದಕ್ಕೆ ಬಾಯಿಕುಕ್ಕೆಯನ್ನೂ ಅಭ್ಯಾಸ ಮಾಡಿಸಿ. ಬಟ್ಟೆಯದ್ದು ಬೇಡ, ಬುಟ್ಟಿಯ ಹಾಗಿರುವುದು, ಒಳಗೆ ಬಾಯಿ ತೆರೆದು ತೇಕಲು, ನೀರು ಕುಡಿಯಲು ಜಾಗ ಇರಬೇಕು. ಒಳಗೆ ಕೋಳಿ ಚೂರು ಇಟ್ಟು ಅವನೇ ಮೂತಿ ಹಾಕುವಂತೆ ಕೆಲವು ದಿನ ಮಾಡಿದರೆ ಅವನಿಗೆ ಅದೂ ಇಷ್ಟವಾಗುತ್ತದೆ.

ಇನ್ನು ಕರೆದರೆ ಬಾರದ ವಿಷಯ. 'ಕರಿಯಾ ಬಾ' ಅಂತ ಕರೆದು ನೀವು ಮಾಡುವುದೇನು? ಚೈನ್ ಹಾಕುವುದು. ಬೆಳಿಗ್ಗೆ ಆ ಕೂಗು ಕೇಳಿದರೆ ಸ್ವಾತಂತ್ರ್ಯ ಮುಗಿಯಿತು ಅಂತ ಅವನಿಗೆ ಗೊತ್ತಿದೆ. ತಡವಾಗಿ ಬಂದಾಗ ಬೈದಿದ್ದರೆ ಇನ್ನೂ ಕೆಟ್ಟದು, ಅವನು ಕಲಿತದ್ದು 'ಬಂದರೆ ಬೈಗುಳ' ಅಂತ. ಆ ಕೂಗನ್ನು ಬಿಡಿ, ಹೊಸದು ಶುರು ಮಾಡಿ. ಹಳ್ಳಿಯವರ 'ಕ್ರೂ ಕ್ರೂ' ಆಗಬಹುದು, ಒಂದು ಸೀಟಿ ಆಗಬಹುದು. ಮನೆಯೊಳಗೆ ಎರಡು ಹೆಜ್ಜೆ ದೂರದಿಂದ ಶುರು ಮಾಡಿ, ಬಂದಾಗೆಲ್ಲ ಬಾಯಿಗೆ ಒಳ್ಳೆಯದು ಬೀಳಲಿ. ಆಮೇಲೆ ಅಂಗಳ, ಆಮೇಲೆ ತೋಟ. ತೋಟದಲ್ಲಿ ಮೂವತ್ತು ಅಡಿಯ ಹಗುರ ಹಗ್ಗ ಹಾರ್ನೆಸ್‌ಗೆ ಕಟ್ಟಿ ಬಿಡಿ. ಹಗ್ಗ ಎಳೆಯಲು ಅಲ್ಲ, ರಸ್ತೆಗೆ ಹೋಗದಂತೆ ತಡೆಯಲು. ಹತ್ತು ಸಲ ಕರೆದರೆ ಎಂಟು ಒಂಬತ್ತು ಸಲ ಬಂದ ಕೂಡಲೇ ತಿಂಡಿ ಕೊಟ್ಟು 'ಹೋಗು' ಅಂತ ಮತ್ತೆ ಬಿಡಿ, ಕರೆದರೆ ಆಟ ನಿಲ್ಲುವುದಿಲ್ಲ ಅಂತ ಅವನಿಗೆ ನಂಬಿಕೆ ಬರಲಿ. ಎಷ್ಟೇ ಹೊತ್ತು ಆಡಿಸಿ ಬಂದರೂ ಬೈಯಬೇಡಿ, ಬಂದದ್ದಕ್ಕೆ ಸಂತೋಷವನ್ನೇ ತೋರಿಸಿ.

ಬೈಕ್ ಅಟ್ಟಿಸುವುದಕ್ಕೆ ತಿಂಡಿಯೊಂದೇ ಸಾಲದು. ಓಡುವುದೇ ಅವನಿಗೆ ಬಹುಮಾನ, ಪ್ರತಿ ಸಲ ಬೈಕ್ ಓಡಿಹೋಗುತ್ತದೆ, ಅವನು ಗೆಲ್ಲುತ್ತಾನೆ. ಅದಕ್ಕೆ ಆ ಗೆಲುವು ಸಿಗದಂತೆ ಗೇಟು, ಬೇಲಿ ಸರಿ ಮಾಡಿಸಿ. ಬೈಕಿನವರು ಬಿದ್ದು ಪೆಟ್ಟಾದರೆ ಅದೂ ನಿಮ್ಮ ತಲೆಗೇ ಬರುತ್ತದೆ. ರಾತ್ರಿ ಪೂರ್ತಿ ಬಿಡುವುದೂ ಬೇಡ. ನಿಮ್ಮ ಕಡೆ ಚಿರತೆ ಇದೆ, ಕಾಡುಹಂದಿಗೆ ಅಂತ ಬೇಲಿಯಲ್ಲಿ ಇಡುವ ಉರುಳಿಗೂ ನಾಯಿಗಳು ಸಿಕ್ಕಿ ಬೀಳುತ್ತವೆ. ಜಗಲಿಯಲ್ಲೋ ಭದ್ರವಾದ ಗೂಡಿನಲ್ಲೋ ಮಲಗಿದರೂ ಅವನು ಬೊಗಳುತ್ತಾನೆ, ನಿಮಗೆ ಬೇಕಾದ್ದು ಅಷ್ಟೇ ಅಲ್ವಾ?

ಕಾವಲು ನಾಯಿ ಮೆತ್ತಗಾಗುತ್ತದೆ ಅನ್ನುವ ಭಯ ಬಿಡಿ. ಹೊತ್ತಲ್ಲದ ಹೊತ್ತಿನಲ್ಲಿ ಹೊಸ ಸದ್ದು ಬಂದರೆ ಬೊಗಳುವುದು ನಾಟಿ ನಾಯಿಗೆ ಯಾರೂ ಕಲಿಸಬೇಕಿಲ್ಲ, ಕೋಳಿ ಚೂರು ತಿಂದರೆ ಅದು ಹೋಗುವುದೂ ಇಲ್ಲ. ಹೋಗುವುದು ಹಗಲು ಹೊತ್ತು ಕೆಲಸದವರ ಮೇಲಿನ ದಿಗಿಲು. ಎಲ್ಲರಿಗೂ ಎಗರುವ ನಾಯಿ ಕಾವಲಿಗೆ ಪ್ರಯೋಜನವೂ ಇಲ್ಲ, ಬೆಳಗಿಂದ ಸಂಜೆವರೆಗೆ ಬೊಗಳುತ್ತಿದ್ದರೆ ಕಳ್ಳ ಬಂದಾಗ ಬೊಗಳಿದ್ದು ಯಾವುದು ಅಂತ ನಿಮಗೇ ಗೊತ್ತಾಗುವುದಿಲ್ಲ.

ಚೈನ್ ಬಗ್ಗೆ ಒಂದು ಮಾತು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಪ್ರಾಣಿಯನ್ನು ಹೊಡೆಯುವುದು ಅಪರಾಧ ಅಂತ ಇರುವುದು ಎಲ್ಲರಿಗೂ ಗೊತ್ತು. ತೀರಾ ಗಿಡ್ಡ ಅಥವಾ ಭಾರದ ಚೈನಿನಲ್ಲಿ ಹೊತ್ತುಗಟ್ಟಲೆ ಕಟ್ಟುವುದು, ಕಟ್ಟಿ ಹಾಕಿ ಸಾಕುವ ನಾಯಿಯನ್ನು ಓಡಾಡಿಸದೇ ಇರುವುದು ಕೂಡ ಅದೇ ಸೆಕ್ಷನ್ನಿನಲ್ಲಿದೆ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ, ಜನ ಇಲ್ಲದ ಕಡೆ ತೋಟದಲ್ಲಿ ಸುತ್ತಾಡಿಸಿ, ಅವನಿಗೆ ಬೇಕಾದಷ್ಟು ಹೊತ್ತು ಮೂಸಲು ಬಿಡಿ. ಮೂಸುವುದು ನಾಯಿಯ ಮನಸ್ಸಿಗೆ ದೊಡ್ಡ ಸಮಾಧಾನ. ಇದೊಂದೇ ಮಾಡಿದರೂ ಕರಿಯನ ಎಗರಾಟ ಸ್ವಲ್ಪ ಇಳಿಯುತ್ತದೆ.

ಇದರ ಜೊತೆ ಮೈ ಪರೀಕ್ಷೆ ಮಾಡಿಸಿ. ನೋವಿರುವ ನಾಯಿ ಬೇಗ ರೇಗುತ್ತದೆ. ಕಿವಿಯ ಸೋಂಕು, ಹಲ್ಲು, ಸೊಂಟ, ಎಲ್ಲ ನೋಡಲಿ. ನಮ್ಮ ಕಡೆ ಉಣ್ಣೆ ಜಾಸ್ತಿ, ಉಣ್ಣೆ ಜ್ವರ ಒಳಗೊಳಗೇ ಇದ್ದರೆ ಮೇಲೆ ಕಾಣುವುದು ಮಂಕು ಮತ್ತು ಸಿಡುಕು ಮಾತ್ರ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಚಿಕ್ಕಮಗಳೂರಿನಲ್ಲಿ ಆಗದ ಪರೀಕ್ಷೆ ಏನಾದರೂ ಇದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಬರಬಹುದು. ಭಯ ತುಂಬಾ ಜಾಸ್ತಿ ಇರುವ ನಾಯಿಗಳಿಗೆ ತರಬೇತಿ ಜೊತೆ ಸ್ವಲ್ಪ ಕಾಲ ಔಷಧಿಯೂ ಬೇಕಾಗುತ್ತದೆ, ಅದನ್ನು ಪಶುವೈದ್ಯರೇ ಕೊಡಬೇಕು, ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ.

ಬೇರೆ ಟ್ರೈನರ್ ನೋಡುವುದಾದರೆ ಅವರನ್ನು ಒಂದೇ ಪ್ರಶ್ನೆ ಕೇಳಿ: ನಾಯಿ ತಪ್ಪು ಮಾಡಿದಾಗ ನೀವು ಏನು ಮಾಡುತ್ತೀರಿ? 'ದೂರ ಜಾಸ್ತಿ ಮಾಡುತ್ತೇನೆ, ಸುಲಭ ಮಾಡಿ ಮತ್ತೆ ಕಲಿಸುತ್ತೇನೆ' ಅಂದರೆ ಬರಹೇಳಿ. ಜಗ್ಗುವುದು, ಶಾಕ್, ಅದುಮುವುದು ಅಂದರೆ ಬೇಡ. 'ಒಂದು ತಿಂಗಳು ನಮ್ಮ ಹತ್ತಿರ ಬಿಡಿ, ಸರಿ ಮಾಡಿ ಕಳಿಸುತ್ತೇವೆ' ಅನ್ನುವವರಿಗೂ ಕೊಡಬೇಡಿ. ಅಲ್ಲಿ ಏನು ಮಾಡುತ್ತಾರೆ ಅಂತ ನಿಮಗೆ ಕಾಣುವುದಿಲ್ಲ, ಮೇಲಾಗಿ ಕರಿಯನ ಭಯ ಇರುವುದು ನಿಮ್ಮ ಕಣದಲ್ಲಿ.

ಒಂದು ತಿಂಗಳು ಹೀಗೆ ಮಾಡಿ ಮತ್ತೆ ಬರೆಯಿರಿ. ಬರೆಯುವಾಗ ಎಷ್ಟು ಅಡಿ ದೂರದಲ್ಲಿ ಮನುಷ್ಯರಿದ್ದಾಗ ಕರಿಯ ತಿಂಡಿ ತೆಗೆದುಕೊಳ್ಳುತ್ತಾನೆ, ಯಾರನ್ನು ಕಂಡರೆ ಈಗಲೂ ಮೈ ಬಿಗಿಯುತ್ತಾನೆ, ರಕ್ತ ಪರೀಕ್ಷೆಯಲ್ಲಿ ಏನು ಬಂತು, ಇಷ್ಟು ತಿಳಿಸಿ. ಸಾಧ್ಯವಾದರೆ ದೂರದಿಂದ ತೆಗೆದ ಒಂದು ಸಣ್ಣ ವಿಡಿಯೋ ಕಳಿಸಿ. ಅದಕ್ಕಾಗಿ ಅವನನ್ನು ಬೇಕಂತಲೇ ಬೊಗಳಿಸಬೇಡಿ, ಸುಮ್ನೆ ನಡೆದಾಡುವುದು ಕಂಡರೂ ನನಗೆ ಸಾಕು.